ಇಲ್ಲದ ಕಾರಿನ ವೈಪರ್‌ಗಳು

ಸವೇಲಿ ಫೊಮಿಚ್ ಕೋಟಿನ ಒಳಜೇಬಿಗೆ ಕೈ ಹಾಕಿ ಕರವಸ್ತ್ರಕ್ಕೆ ತಡಕಾಡಿದ. ಸೀನು ಮೂಗಿನ ತುದಿಗೇ ಬಂದು ನಿಂತಿತ್ತು. ಜೇಬಿನಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿದ್ದ ಎರಡು ವೈಪರ್‌ಗಳನ್ನು ಹೊರಗೆಳೆದು ಮೇಜಿನ ಮೇಲೆ, ಟೀ ಲೋಟದ ಪಕ್ಕ ಇಟ್ಟ. ಕರವಸ್ತ್ರ ಸಿಕ್ಕಿತು. ಸೀನಿದ. ಕಣ್ಣು ಬಿಟ್ಟು ನೋಡಿದರೆ ಯೋಜನಾ ವಿಭಾಗದ ಟೈಪ್‌ರೈಟರ್ ಸದ್ದು ನಿಂತಿದೆ, ಎಲ್ಲರ ಕಣ್ಣೂ ಮೇಜಿನ ಮೇಲಿದೆ.

“ಎಲ್ಲಿ ನಿಲ್ಲಿಸಿದ್ದೀರ, ಸವೇಲಿ ಫೊಮಿಚ್?” ಎಂದಳು ಟೈಪಿಸ್ಟ್ ತೈಸಿಯಾ.

ಎರಡನೇ ಸೀನು ಬಾಕಿಯಿತ್ತು. ಮಾತಾಡಲಾಗದೆ ಅವನು ಕಿಟಕಿಯ ಕಡೆ ಕೈ ಬೀಸಿದ.

“ಪಾರ್ಕಿನ ಹಿಂದೇನಾ? ಒಳ್ಳೇದಾಯ್ತು ಬಿಡಿ. ಗೇಟಿನ ಹತ್ರ ನಿಲ್ಸಿದ್ರೆ ಬಸ್ಸಿನೋರು ಉಜ್ಜಿಕೊಂಡು ಹೋಗ್ತಾರೆ. ಯಾವ ಬಣ್ಣ?”

“ತಿಳಿಹಳದಿ,” ಎಂದ ಸವೇಲಿ.

ಮುಂದೆ ನಡೆದ ಅನಾಹುತಗಳಿಗೆಲ್ಲ ಈ ಒಂದು ಶಬ್ದವೇ ಮೂಲ. ಅವನ ಪರವಾಗಿ ಒಂದು ಮಾತು ಹೇಳಬೇಕು: ಅದು ಶುದ್ಧ ಸುಳ್ಳಲ್ಲ. ಕಾರು ಬಂದರೆ ತಿಳಿಹಳದಿಯದೇ ಬರಲಿ ಎಂದು ಅವನೂ ಹೆಂಡತಿ ರಿಮ್ಮಾಳೂ ವರ್ಷಗಟ್ಟಲೆ ಜಗಳವಾಡಿ ಒಂದು ತೀರ್ಮಾನಕ್ಕೆ ಬಂದಿದ್ದರು. ಬಣ್ಣ ಇತ್ತು. ಕಾರು ಮಾತ್ರ ಇರಲಿಲ್ಲ.

ಜಾರೆಚೆನ್ಸ್ಕ್ ಊರಿನಲ್ಲಿ ಕಾರು ನಿಲ್ಲಿಸಿದವನು ಬಾಗಿಲಿಗೆ ಬೀಗ ಹಾಕುವುದನ್ನು ಮರೆತರೂ ಗಾಜಿನ ಮೇಲಿನ ವೈಪರ್ ಕಿತ್ತು ಜೇಬಿಗಿಳಿಸುವುದನ್ನು ಮರೆಯುವುದಿಲ್ಲ. ಬಿಟ್ಟು ಹೋದರೆ ತಿರುಗಿ ಬರುವಷ್ಟರಲ್ಲಿ ಮಾಯ. ಈ ಊರಿನ ಕಾರ್ಖಾನೆ ಕಾರು ಮಾಡುತ್ತದೆ. ಎಲ್ಲೋ ದೂರದ ಗಣರಾಜ್ಯದ ಇನ್ನೊಂದು ಕಾರ್ಖಾನೆ ಅದಕ್ಕೆ ವೈಪರ್ ಮಾಡುತ್ತದೆ. ಎರಡೂ ಕಡೆ ಸರಕಾರ ಗೊತ್ತುಮಾಡಿದ ಉತ್ಪಾದನೆಯ ಯೋಜನೆ ನೂರಕ್ಕೆ ನೂರು ನೆರವೇರುತ್ತದೆ, ಆದರೂ ಊರಿನಲ್ಲಿ ವೈಪರ್ ಸಾಲುವುದಿಲ್ಲ. ಇದು ಹೇಗೆ ಎಂದು ಲೆಕ್ಕ ಹಾಕುವುದೇ ಯೋಜನಾ ವಿಭಾಗದಲ್ಲಿ ಸವೇಲಿಯ ಕೆಲಸ. ಸೇರಿದ ದಿನದಿಂದ ಹಾಕುತ್ತಲೇ ಇದ್ದಾನೆ.

ಹೀಗಾಗಿ ಊರಿನ ಗಂಡಸರಲ್ಲಿ ಕಾರುಳ್ಳವರು ಯಾರು ಎಂದು ತಿಳಿಯಲು ಬೀದಿಗೆ ಹೋಗಬೇಕಾಗಿಲ್ಲ. ಕ್ಷೌರದಂಗಡಿಯಲ್ಲೋ ಕ್ಯಾಂಟೀನಿನಲ್ಲೋ ಕೂತಾಗ ಯಾರ ಮುಂದೆ ಎರಡು ಕಪ್ಪು ಕಡ್ಡಿಗಳಿವೆ ಎಂದು ನೋಡಿದರೆ ಸಾಕು. ಸವೇಲಿ ಅವನ್ನು ಹಿಂದಿನ ಸಂಜೆ ಕೊಂಡಿದ್ದ. ಅಂಗಡಿಯೊಂದರ ಮುಂದೆ ಉದ್ದನೆಯ ಸಾಲು ಕಂಡಿತು. ಬುದ್ಧಿವಂತರೆಲ್ಲ ಮಾಡುವಂತೆ ಮೊದಲು ನಿಂತುಕೊಂಡು ಆಮೇಲೆ ಏನು ಕೊಡುತ್ತಿದ್ದಾರೆಂದು ವಿಚಾರಿಸಿದ. ವೈಪರ್. ವಸಂತಕ್ಕೆ ಹೇಗೂ, ಹೆಸರು ಬರೆಸಿ ಕಾಯುತ್ತಿದ್ದ ಕಾರಿನ ಸರದಿ ಬರುತ್ತದೆ, ಆಗ ಹುಡುಕಿದರೆ ಸಿಗುತ್ತದೆಯೇ? ಕೊಂಡ.

ತಿಳಿಹಳದಿ ಎಂಬ ಶಬ್ದ ಬಾಯಿಂದ ಬಿದ್ದ ಅರ್ಧ ಗಂಟೆಯಲ್ಲಿ ವಿಭಾಗದ ಮುಖ್ಯಸ್ಥರು ತಾವೇ ಎದ್ದು ಬಂದು, “ಆ ಕಿಟಕಿ ಹತ್ರ ಗಾಳಿ ಜಾಸ್ತಿ, ಸವೇಲಿ ಫೊಮಿಚ್. ನಿಮ್ಮ ಮೇಜು ರೇಡಿಯೇಟರ್ ಪಕ್ಕಕ್ಕೆ ಹಾಕ್ಸೋಣ,” ಎಂದರು. ಕೋಣೆ ಬೆಚ್ಚಗಿಡುವ ಇದೇ ರೇಡಿಯೇಟರ್ ಪಕ್ಕ ಕೂರಿಸಿ ಎಂದು ಅವನು ಕೇಳಿದಾಗಲೆಲ್ಲ ಇದೇ ಮುಖ್ಯಸ್ಥರು, ಚಳಿ ಮನುಷ್ಯನನ್ನು ಚುರುಕಾಗಿಡುತ್ತದೆ ಎಂದು ಉಪದೇಶ ಮಾಡಿದ್ದರು.

ಮರುದಿನ ಬೆಳಗ್ಗೆ ಸವೇಲಿ ವೈಪರ್‌ಗಳನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂದು ದೃಢ ಮನಸ್ಸು ಮಾಡಿದ. ಹೊರಗೆ ನೋಡಿದರೆ ಮಳೆಯೂ ಹಿಮವೂ ಸೇರಿ ಬೀಳುತ್ತಿತ್ತು. ಇಂಥ ಹವೆಯಲ್ಲಿ ವೈಪರ್ ಇಲ್ಲದೆ ಹೋದರೆ ಜನ ಏನೆಂದುಕೊಂಡಾರು? ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ.

ಸುಳ್ಳು ಹೇಳುವ ಕಷ್ಟ ಅವನಿಗೆ ಬೀಳಲೇ ಇಲ್ಲ. ಮುಖ್ಯಸ್ಥರು ಸ್ಟೇಷನ್ನಿಗೆ ಬಿಡಲು ಕೇಳಿದರು. ಸವೇಲಿ ತಲೆ ಕೆರೆದುಕೊಂಡು, “ಅದು, ಬ್ಯಾಟರಿ…” ಎಂದ. “ಚಳೀಗೆ ಸಾಯುತ್ತೆ ಅಂತ ಮನೆಗೆ ತಗೊಂಡು ಹೋಗಿದ್ದೀರ, ಗೊತ್ತು ಗೊತ್ತು,” ಎಂದು ಅವರೇ ಮುಗಿಸಿದರು. ಇನ್ನೊಬ್ಬ ಮದುವೆಗೆ ಕೇಳಿದ. “ಕಾರ್ಬುರೇಟರ್…” ಎಂದ ಸವೇಲಿ. “ನಮ್ಮ ಭಾವನದ್ದೂ ಅದೇ ಗೋಳು,” ಎಂದು ಆತ ಬೆನ್ನು ತಟ್ಟಿದ. ಯಾರಿಗೂ ಅನುಮಾನ ಬರಲಿಲ್ಲ. ಕಾರು ಓಡುತ್ತಿದೆ ಎಂದಿದ್ದರೆ ಬರುತ್ತಿತ್ತೇನೋ.

ಮೂರನೆಯ ವಾರಕ್ಕೆ ತೈಸಿಯಾ ಕ್ಯಾಂಟೀನಿನಲ್ಲಿ ಎಲೆಕೋಸಿನ ಸೂಪು ಹೀರುತ್ತ, ಆ ಕಾರಿನಲ್ಲಿ ತಾನು ಮಾರುಕಟ್ಟೆಗೆ ಹೋಗಿಬಂದ ಕಥೆ ಹೇಳುತ್ತಿರುವುದು ಅವನ ಕಿವಿಗೇ ಬಿತ್ತು. ಹಿಂದಿನ ಸೀಟು ಸ್ವಲ್ಪ ಕುಲುಕುತ್ತದಂತೆ. ಆದರೆ ಸವೇಲಿ ಫೊಮಿಚ್ ತಿರುವಿನಲ್ಲಿ ಬಹಳ ನಿಧಾನವಂತೆ. ಸವೇಲಿಗೆ ಕೋಪ ಬರಬೇಕಿತ್ತು. ಅದರ ಬದಲು, ತಾನು ಅಂಥ ಜವಾಬ್ದಾರಿಯುತ ಚಾಲಕ ಎಂದು ಕೇಳಿ ಎದೆ ತುಂಬಿ ಬಂತು.

ಆ ಎದೆ ಖಾಲಿಯಾಗಲು ಒಂದು ಊಟದ ಬಿಡುವು ಸಾಕಾಯಿತು. ಕಾರ್ಮಿಕ ಸಂಘದಲ್ಲಿ ಕಾರುಗಳ ಸರದಿ ನೋಡಿಕೊಳ್ಳುವ ಕಾರ್ಪ್ ಇಗ್ನಾತಿಚ್ ಅವನನ್ನು ಕರೆಸಿ, ಎರಡೂ ಕೈಯಲ್ಲಿ ಕೈ ಕುಲುಕಿದ.

“ಅಭಿನಂದನೆ, ಕಾಮ್ರೇಡ್. ಒಂದು ಮಾತು ಹೇಳಬಾರದಿತ್ತಾ? ನಿಮ್ಮ ಹೆಸರು ಹೊಡೆದುಹಾಕಿದ್ದೀನಿ.”

“ಎಲ್ಲಿಂದ?”

“ಸರದಿಯಿಂದ. ವಸಂತದ ಕಾರು ನಿಮ್ಮ ಹಿಂದಿನವರಿಗೆ ಹೋಗುತ್ತೆ. ಒಂದು ಮನೆಗೆ ಎರಡು ಕಾರು, ನಾವೇನು ಬಂಡವಾಳಶಾಹಿಗಳಾ?”

ಆ ಸರದಿಯಲ್ಲಿ ಸವೇಲಿಯೂ ರಿಮ್ಮಾಳೂ ನಿಂತು ಹನ್ನೊಂದು ವರ್ಷವಾಗಿತ್ತು. ನದಿಯಾಚೆ ಅವರಿಗೊಂದು ತುಂಡು ತರಕಾರಿ ಜಮೀನಿತ್ತು. ಪ್ರತಿ ಭಾನುವಾರ ರಿಮ್ಮಾ ಆಲೂಗಡ್ಡೆ ಮೂಟೆ ಬೆನ್ನಿಗೇರಿಸಿ, ಎರಡು ಬಸ್ಸು ಬದಲಿಸಿ, ಕೆಸರಿನಲ್ಲಿ ನಡೆದು ಬರುತ್ತಿದ್ದಳು. ಮೊಣಕಾಲು ಎಂದೋ ಕೈಕೊಟ್ಟಿತ್ತು. ವಸಂತ ಬರಲಿ ಎಂದು ಹಲ್ಲು ಕಚ್ಚಿಕೊಂಡಿದ್ದಳು. ಕಾರಿನ ಸೀಟಿಗೆ ಹೊಲಿದ ಕವರುಗಳು ಕಪಾಟಿನಲ್ಲಿ ಮಡಿಸಿ ಕೂತಿದ್ದವು.

“ನನ್ನ ಹತ್ರ ಕಾರಿಲ್ಲ, ಕಾರ್ಪ್ ಇಗ್ನಾತಿಚ್.”

“ವೈಪರ್ ಇದೆಯಲ್ಲ.”

“ವೈಪರ್ ಇದೆ, ಕಾರಿಲ್ಲ.”

ಕಾರ್ಪ್ ಇಗ್ನಾತಿಚ್ ಪ್ರೀತಿಯಿಂದ ನಕ್ಕ. “ಕಾರಿದ್ದು ವೈಪರ್ ಇಲ್ಲದೋರನ್ನ ನಾನು ದಿನಾ ನೋಡ್ತೀನಿ. ವೈಪರ್ ಇದ್ದು ಕಾರಿಲ್ಲದೋರನ್ನ ಇನ್ನೂ ನೋಡಿಲ್ಲ. ತಿಳಿಹಳದಿ ಅಂತ ನೀವೇ ಹೇಳಿದ್ದು. ತೈಸಿಯಾ ಕೂತು ಬಂದಿದ್ದಾಳೆ.”

“ಅವಳು ಸುಳ್ಳು ಹೇಳ್ತಿದ್ದಾಳೆ.”

“ಸೀಟು ಕುಲುಕುತ್ತೆ ಅಂತ ಕೂಡ ಹೇಳಿದ್ಲು. ಇಲ್ಲದ ಸೀಟು ಕುಲುಕುತ್ತಾ? ಹೋಗಿ, ಕಾರಿಲ್ಲ ಅಂತ ಸಂಚಾರ ಪೊಲೀಸರಿಂದ ಬರೆಸ್ಕೊಂಡು ಬನ್ನಿ, ನೋಡೋಣ.”

ಮನೆಗೆ ಹೋದರೆ ಅಲ್ಲಿ ಅತ್ತೆ ಪೆಲಗೇಯಾ ಕೂತಿದ್ದಳು. ಹಳ್ಳಿಗೂ ಸುದ್ದಿ ಮುಟ್ಟಿತ್ತು. ಅಳಿಯ ಕಾರು ತಗೊಂಡು ತನ್ನನ್ನು ನೋಡಲು ಬರಲಿಲ್ಲವೆಂಬ ಸಿಟ್ಟಿಗೆ ರೈಲು ಹತ್ತಿ, ತಿರುಗಿ ಹೋಗುವಾಗ ಕಾರಿನಲ್ಲೇ ಹೋಗುವುದೆಂದು ಎರಡು ಮೂಟೆ ಬೀಟ್‌ರೂಟನ್ನೂ ಒಂದು ಜೀವಂತ ಬಾತುಕೋಳಿಯನ್ನೂ ತಂದಿದ್ದಳು. ರಿಮ್ಮಾ ಕಾರ್ಖಾನೆಯಲ್ಲಿ ಕಾರಿನ ಬಾಗಿಲು ಜೋಡಿಸುವ ವಿಭಾಗದಿಂದ ಆಗಷ್ಟೇ ಬಂದವಳು, ಕೋಟನ್ನೂ ಬಿಚ್ಚದೆ ನಿಂತಿದ್ದಳು.

“ಕಾರೆಲ್ಲಿ, ಸವೇಲಿ?”

“ನೀನೂ ಕೇಳ್ತೀಯಾ? ಇದ್ದಿದ್ರೆ ನಿಂಗೆ ಗೊತ್ತಿರ್ತಿರ್ಲಿಲ್ವಾ?”

“ಅದನ್ನೇ ನಾನೂ ಅವಳಿಗೆ ಹೇಳ್ತಿದ್ದೆ,” ಎಂದಳು ಅತ್ತೆ. “ಹೆಂಡ್ತಿಗೇ ಗೊತ್ತಿಲ್ಲದ ಕಾರು ಅಂದ್ರೆ ಅದರಲ್ಲಿ ಕೂರೋಳು ಬೇರೆ ಇದ್ದಾಳೆ ಅಂತ. ತೈಸಿಯಾ ಅಂತೆ.”

“ಅಮ್ಮ, ನೀನು ಸುಮ್ನಿರು. ಸವೇಲಿ, ನನ್ನ ವಿಭಾಗದ ಹೆಂಗಸರೆಲ್ಲ ಕೇಳಿದ್ರು. ಒಬ್ಳು ಅಂತೂ ನಿನ್ನನ್ನ ಅದರೊಳಗೆ ಕಣ್ಣಾರೆ ಕಂಡಳಂತೆ.”

ಸವೇಲಿ ಸೀನಿನಿಂದ ಹಿಡಿದು ಇಡೀ ಕಥೆಯನ್ನು ಒಪ್ಪಿಸಿದ. ತಾಯಿ ಮಗಳು ಇಬ್ಬರೂ ಕೇಳಿದರು. ಬಾತುಕೋಳಿಯೂ ಕೇಳಿತು. ಕಡೆಗೆ ಅತ್ತೆ, “ಸುಳ್ಳೇ ಹೇಳೋದಾದ್ರೆ ನಂಬೋ ಹಾಗೆ ಹೇಳಪ್ಪ,” ಎಂದಳು.

ರಿಮ್ಮಾ ನಂಬಿದಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ, ಬಚ್ಚಿಟ್ಟ ಹೆಣ್ಣು, ಬಚ್ಚಿಟ್ಟ ಕಾರು ಎರಡನ್ನೂ ಸಂಭಾಳಿಸಲು ತನ್ನ ಗಂಡನಿಂದ ಸಾಧ್ಯವಿಲ್ಲವೆಂದು ತಿಳಿದಿತ್ತು. ಅವಳು ನಂಬಿದ್ದೇ ಅವನಿಗೆ ಇನ್ನೂ ಕಷ್ಟವಾಯಿತು. ಅವಳು ಒಂದು ಬೈಗುಳವನ್ನೂ ಆಡದೆ ಕುರ್ಚಿಯಲ್ಲಿ ಕೂತು, ಮೊಣಕಾಲು ನೀವಿಕೊಂಡು, “ಸರದಿ ಹೋಯ್ತಾ?” ಎಂದಳು.

“ತರಿಸ್ತೀನಿ,” ಎಂದ ಸವೇಲಿ. “ನನ್ನ ಹತ್ರ ಕಾರಿಲ್ಲ ಅಂತ ರುಜುವಾತು ಮಾಡೋದೇನು ಮಹಾ.”

ಸಂಚಾರ ಪೊಲೀಸ್ ಕಚೇರಿಯ ಕ್ಯಾಪ್ಟನ್ ಉಪ್ಪಿನಕಾಯಿ ಸೌತೆಯೊಂದನ್ನು ಕಚ್ಚುತ್ತ ಅವನ ಅಹವಾಲು ಆಲಿಸಿದ.

“ಕಾರಿಲ್ಲ ಅಂತ ಬರೆದುಕೊಡಬೇಕಾ? ಯಾವ ಕಾರಿಲ್ಲ?”

“ತಿಳಿಹಳದಿ ಕಾರು.”

“ನಂಬರ್?”

“ನಂಬರಿಲ್ಲ. ಕಾರೇ ಇಲ್ವಲ್ಲ.”

“ನಂಬರಿಲ್ಲದೆ ಓಡಿಸ್ತಿದ್ದೀರ,” ಎಂದ ಕ್ಯಾಪ್ಟನ್, ಕಚ್ಚುವುದನ್ನು ನಿಲ್ಲಿಸಿ.

“ಓಡಿಸ್ತಿಲ್ಲ. ಇಲ್ಲದೇ ಇರೋದನ್ನ ಹೇಗೆ ಓಡಿಸ್ಲಿ?”

“ಅದನ್ನೇ ನಾನೂ ಕೇಳ್ತಿರೋದು. ಲೈಸೆನ್ಸ್ ತೋರ್ಸಿ.”

“ನಂಗೆ ಕಾರು ಬಿಡೋಕೇ ಬರಲ್ಲ, ಕಾಮ್ರೇಡ್ ಕ್ಯಾಪ್ಟನ್.”

ಕ್ಯಾಪ್ಟನ್ ಸೌತೆಯನ್ನು ತಟ್ಟೆಯ ಮೇಲಿಟ್ಟ. ಅವನ ಮುಖದಲ್ಲಿ ತಂದೆಯಂಥ ಮರುಕ ಮೂಡಿತು. “ಲೈಸೆನ್ಸಿಲ್ಲ. ನಂಬರಿಲ್ಲ. ಕಾರು ಬಿಡೋಕೆ ಬರಲ್ಲ. ಒಂದು ಹೆಣ್ಣುಮಗಳನ್ನ ಹಿಂದೆ ಕೂರಿಸ್ಕೊಂಡು ಮಾರುಕಟ್ಟೆಗೆ ಹೋಗಿದ್ದೀರ ಅಂತ ನಮಗೂ ಸುದ್ದಿ ಬಂದಿದೆ. ನೀವಾಗೇ ಬಂದು ಒಪ್ಕೊಂಡಿದ್ದಕ್ಕೆ ದಂಡ ಅರ್ಧ ಮಾಡ್ತೀನಿ.”

ಸವೇಲಿ ದಂಡ ಕಟ್ಟಿ ರಶೀದಿ ಹಿಡಿದು ಬಂದ. ಇಡೀ ಊರಿನಲ್ಲಿ ಅವನ ಕಾರಿಗೆ ಈಗ ಸರಕಾರಿ ಮುದ್ರೆಯ ಸಾಕ್ಷಿ ಇತ್ತು.

ವೈಪರ್‌ಗಳನ್ನು ನದಿಗೆ ಎಸೆಯಲು ಹೋದ. ನದಿ ಹೆಪ್ಪುಗಟ್ಟಿತ್ತು. ಎಸೆದ ವೈಪರ್‌ಗಳು ಮಂಜುಗಡ್ಡೆಯ ಮೇಲೆ ಅಚ್ಚುಕಟ್ಟಾಗಿ ಬಿದ್ದವು. ಮೀನು ಹಿಡಿಯುತ್ತಿದ್ದ ಮುದುಕನೊಬ್ಬ ಓಡಿಬಂದು, “ಜೋಪಾನ, ಅಣ್ಣ, ಇಂಥದ್ದು ಬೀಳಿಸ್ಕೊಂಡ್ರೆ ಸಿಗುತ್ತಾ?” ಎಂದು ಒರೆಸಿ ಕೈಗೆ ಕೊಟ್ಟ.

ಹೀಗೆ ಡಿಸೆಂಬರ್ ಮೂವತ್ತೊಂದು ಬಂತು.

ಆ ದಿನ ಕಾರ್ಖಾನೆಯಲ್ಲಿ ಯಾರೂ ನಡೆಯುವುದಿಲ್ಲ, ಎಲ್ಲರೂ ಓಡುತ್ತಾರೆ. ತಿಂಗಳ ಮೊದಲ ವಾರಗಳಲ್ಲಿ ಬಿಡಿಭಾಗ ಬಂದಿರುವುದಿಲ್ಲ, ಜನ ಡಾಮಿನೋ ಆಡುತ್ತಾರೆ. ಕೊನೆಯ ವಾರ ಎಲ್ಲ ಒಟ್ಟಿಗೇ ಬಂದು ಬೀಳುತ್ತದೆ. ಅದು ತಿಂಗಳ ಕೊನೆ. ಇದು ವರ್ಷದ ಕೊನೆ. ಸಂಜೆ ಐದಕ್ಕೆ ನಿರ್ದೇಶಕರು ಮಾಸ್ಕೋಗೆ ಫೋನು ಮಾಡಿ ಯೋಜನೆ ಪೂರೈಸಿತು ಎನ್ನಬೇಕು. ಸಚಿವಾಲಯದಿಂದ ಬಂದ ಪರೀಕ್ಷಕನೊಬ್ಬ, ತುಪ್ಪಳದ ಟೊಪ್ಪಿಗೆಯವನು, ಸಾಲಿನ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಪ್ರತಿ ಕಾರಿಗೂ ಹ್ಞೂಂ ಎನ್ನುತ್ತ ಬಂದಿದ್ದ. ನಾಲ್ಕೂವರೆಗೆ ಯೋಜನೆಯ ಕಟ್ಟಕಡೆಯ ಕಾರು ಬಂತು. ಅದಕ್ಕೆ ಅವನು ಉಹುಂ ಎಂದ.

“ವೈಪರ್ ಎಲ್ಲಿ?”

ವೈಪರ್ ತುಂಬಿದ ರೈಲು ಡಬ್ಬಿ ತಪ್ಪಿ ಬೇರೆ ಯಾವುದೋ ಊರಿನ ಟ್ರ್ಯಾಕ್ಟರ್ ಕಾರ್ಖಾನೆಗೆ ಹೋಗಿತ್ತು.

“ವೈಪರ್ ಇಲ್ಲದ್ದನ್ನ ಕಾರು ಅಂತ ಒಪ್ಪೋಕಾಗಲ್ಲ,” ಎಂದ ಟೊಪ್ಪಿಗೆಯವನು. “ಸರಕಾರಿ ಮಾನದಂಡ.”

ನಿರ್ದೇಶಕರು ತಮ್ಮ ಕಾರಿನ ವೈಪರ್ ತರಲು ಆಳು ಅಟ್ಟಿದರು. ಅವರ ಚಾಲಕ ಹೊಸ ವರ್ಷದ ಪ್ರಯುಕ್ತ ಅವುಗಳನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋಗಿದ್ದ. ಆಗ ಕಚೇರಿಯ ಕಾಗದ ಹಿಡಿದು ಅಲ್ಲಿಗೆ ಬಂದಿದ್ದ ತೈಸಿಯಾಳೇ ಎಲ್ಲರಿಗೂ ಕೇಳುವಂತೆ ಹೇಳಿದಳು, “ಸವೇಲಿ ಫೊಮಿಚ್ ಹತ್ರ ಇದೆಯಲ್ಲ. ಯಾವಾಗ್ಲೂ ಒಳಜೇಬಲ್ಲಿ.”

ಇಬ್ಬರು ಅವನನ್ನು ರೇಡಿಯೇಟರ್ ಪಕ್ಕದಿಂದ ಎಬ್ಬಿಸಿ, ಮೂರು ಅಂಗಳ ದಾಟಿಸಿ, ಟೊಪ್ಪಿಯಿಲ್ಲದೆ ಎಳೆದು ತಂದರು. ನಿರ್ದೇಶಕರು ಕೈ ಚಾಚಿದರು.

“ಕೊಡಿ, ಕಾಮ್ರೇಡ್. ದೇಶಕ್ಕೆ ಬೇಕಾಗಿದೆ.”

ಜನ್ಮದಲ್ಲಿ ಮೊದಲ ಸಲ ಸವೇಲಿ ಮೇಲಿನವರಿಗೆ ಎದುರು ನಿಂತು ಕೋಟಿನ ಗುಂಡಿ ಹಾಕಿಕೊಂಡ.

“ಕೊಡ್ತೀನಿ. ಆದ್ರೆ ನನ್ನ ಹತ್ರ ಕಾರಿಲ್ಲ ಅಂತ ನೀವು ಇವರೆಲ್ಲರ ಮುಂದೆ ಹೇಳ್ಬೇಕು.”

“ನಿಮ್ಮ ಹತ್ರ ಕಾರಿದೆಯಲ್ಲ,” ಎಂದರು ನಿರ್ದೇಶಕರು. “ಹಳದಿದು. ಊರಿಗೇ ಗೊತ್ತು.”

“ಹಾಗಾದ್ರೆ ವೈಪರ್ ಅದಕ್ಕೆ ಬೇಕು. ನಾನು ಕೊಡಲ್ಲ.”

ಗಡಿಯಾರದ ಮುಳ್ಳು ಮುಂದೆ ಹೋಯಿತು. ನಿರ್ದೇಶಕರು ಸುಮ್ಮನೆ ಆ ಸ್ಥಾನಕ್ಕೇರಿದವರಲ್ಲ. ಪರೀಕ್ಷಕನ ಕಡೆ ತಿರುಗಿದರು.

“ವೈಪರ್ ಇಲ್ಲದ್ದು ಕಾರಲ್ಲ ಅಂದಿರಿ, ಅಲ್ವಾ?”

“ಅಂದೆ.”

“ಈ ಮನುಷ್ಯ ಈಗ ತನ್ನ ವೈಪರ್ ಕೊಡ್ತಾನೆ. ಕೊಟ್ಟ ಮೇಲೆ ಅವನ ಹತ್ರ ಉಳಿಯೋದು?”

ಪರೀಕ್ಷಕ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಮಾನದಂಡವನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆತನಕ ಓದಿದಂತೆ ಕಂಡಿತು.

“ಕಾರಲ್ಲ,” ಎಂದ.

“ಕಾರ್ಪ್ ಇಗ್ನಾತಿಚ್, ಕೇಳಿಸ್ಕೊಂಡ್ರಾ? ಇವರ ಹತ್ರ ಕಾರಿಲ್ಲ. ಸಚಿವಾಲಯವೇ ಹೇಳಿದೆ. ಸರದಿಗೆ ಹಾಕ್ಕೊಳ್ಳಿ.”

“ಇದ್ದ ಜಾಗಕ್ಕೇ ಹಾಕ್ದೆ,” ಎಂದ ಕಾರ್ಪ್ ಇಗ್ನಾತಿಚ್, ಯಾವತ್ತೂ ಬೇರೆ ಮಾತಾಡಿಯೇ ಇಲ್ಲ ಎಂಬಂತೆ.

ಸವೇಲಿ ಗುಂಡಿ ಬಿಚ್ಚಿದ. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಪರೀಕ್ಷಕ ಹ್ಞೂಂ ಎಂದ. ನಿರ್ದೇಶಕರು ಫೋನು ಮಾಡಿದರು. ಸಂಭ್ರಮಕ್ಕೆಂದು ಕಾದು ನಿಂತಿದ್ದ ವಾದ್ಯದವರು ಊದಿದರು. ಪತ್ರಿಕೆಯವನು, ವರ್ಷದ ಕೊನೆಯ ಕಾರಿನ ಜೊತೆ ಯಾರಾದರೂ ಸಂತೋಷವಾಗಿರುವ ಕಾರ್ಮಿಕರು ಬೇಕು, ಫೋಟೋಗೆ, ಎಂದು ಕ್ಯಾಮೆರಾ ಎತ್ತಿಕೊಂಡು ಬಂದ. ನಿರ್ದೇಶಕರ ಕಣ್ಣು ಸವೇಲಿಯ ಮೇಲೆ ಬಿತ್ತು. ಸಂತೋಷ ಉಕ್ಕಿದಾಗ ಅವರು ಉದಾರಿಗಳು.

“ವಸಂತದ ತನಕ ಯಾಕೆ ಕಾಯ್ಬೇಕು? ಈ ಕಾರೇ ಇವರಿಗೆ. ಹೆಂಡ್ತೀನ ಕರೆಸಿ.”

ರಿಮ್ಮಾಳನ್ನು ಜೋಡಣೆಯ ಸಾಲಿನಿಂದ ಕರೆತಂದರು. ತಲೆಗೆ ಬಟ್ಟೆ ಕಟ್ಟಿದ್ದಳು, ಕೈಯಲ್ಲಿ ಸುತ್ತಿಗೆ ಹಾಗೇ ಇತ್ತು. ಬಾತುಕೋಳಿಯ ಸಾರು ತಂದುಕೊಡಲು ಗೇಟಿಗೆ ಬಂದಿದ್ದ ಪೆಲಗೇಯಾಳೂ ಯಾರ ಅಪ್ಪಣೆಯೂ ಇಲ್ಲದೆ ಹಿಂದೆಯೇ ಬಂದಳು.

ಕಾರು ದೀಪದ ಕೆಳಗೆ ಹೊಳೆಯುತ್ತಿತ್ತು. ಹಸಿರೂ ಅಲ್ಲದ ಬೂದಿಯೂ ಅಲ್ಲದ ಬಣ್ಣ. ಡಿಸೆಂಬರಿನಲ್ಲಿ ಡಬ್ಬಿಯಲ್ಲಿ ಉಳಿದದ್ದನ್ನು ಬಳಿಯುತ್ತಾರೆ. ಸವೇಲಿಗೆ ಅದೂ ಚೆನ್ನಾಗಿಯೇ ಕಂಡಿತು. ಬಾಗಿಲಿನ ಹಿಡಿಕೆಗೆ ಕೈ ಚಾಚಿದ.

ರಿಮ್ಮಾ ಅವನ ಮಣಿಕಟ್ಟು ಹಿಡಿದಳು. “ಮುಟ್ಬೇಡ. ಕಿತ್ತು ಕೈಗೆ ಬರುತ್ತೆ.”

“ಹತ್ತಿರ ನಿಂತ್ಕೊಳ್ಳಿ, ನಗಿ,” ಎಂದ ಫೋಟೋದವನು.

ನಿರ್ದೇಶಕರು ಕೀಲಿಕೈ ಗೊಂಚಲನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದರು. “ತಗೊಳ್ಳಿ, ತಾಯಿ. ಬಾಗಿಲು ವಿಭಾಗದವರಲ್ವಾ ನೀವು? ನಿಮ್ಮ ಕೈಯಾರೆ ಆದ ಕಾರು ನಿಮ್ಮ ಮನೆಗೇ ಬರ್ತಿದೆ. ಇದಕ್ಕಿಂತ ಇನ್ನೇನು ಬೇಕು?”

“ಹೌದು, ನಾನೇ ಹಾಕಿದ್ದು,” ಎಂದಳು ರಿಮ್ಮಾ, ಕೀಲಿಕೈ ಮುಟ್ಟದೆ. “ಈ ಮಧ್ಯಾಹ್ನ. ಸ್ಕ್ರೂ ತಿರುಗಿಸೋಕೆ ಹೊತ್ತಿರ್ಲಿಲ್ಲ, ಸುತ್ತಿಗೇಲಿ ಬಡಿದು ಕೂರಿಸ್ದೆ. ನಾಲ್ಕು ಬಾಗ್ಲೂ ಹಾಗೇ. ಬ್ರೇಕ್ ಹಾಕಿದೋನು ಬೆಳಗ್ಗೆಯಿಂದಾನೇ ಹೊಸ ವರ್ಷ ಮಾಡ್ತಿದ್ದಾನೆ. ಎಂಜಿನ್ನಿಗೆ ಒಂದು ಬೋಲ್ಟು ಕಮ್ಮಿ ಬಿತ್ತು, ಬರೋ ವರ್ಷ ಹಾಕೋಣ ಅಂದ್ರು.”

ವಾದ್ಯದವರು ಊದುವುದನ್ನು ನಿಲ್ಲಿಸಿದರು. ಪರೀಕ್ಷಕನಿಗೆ ಇದ್ದಕ್ಕಿದ್ದಂತೆ ರೈಲಿನ ಹೊತ್ತು ನೆನಪಾಗಿ ಹೊರಟುಹೋದ. ಅವನ ಹ್ಞೂಂ ಆಗಲೇ ಮಾಸ್ಕೋ ತಲುಪಿತ್ತು.

ನಿರ್ದೇಶಕರು ತಗ್ಗಿದ ದನಿಯಲ್ಲಿ ಹೇಳಿದರು, “ನೋಡಿ ತಾಯಿ, ಬಂದ ಕಾರು ಬಿಟ್ಟವರ ಹೆಸರು ಸರದಿಯ ಬಾಲಕ್ಕೆ ಹೋಗುತ್ತೆ. ಅದು ನಿಯಮ, ನನ್ನ ಕೈಲಿಲ್ಲ. ಇನ್ನೂ ಒಂದು ಹನ್ನೊಂದು ವರ್ಷ.”

“ರಿಮ್ಮಾ,” ಎಂದ ಸವೇಲಿ.

“ತಗೊಳೇ,” ಎಂದು ಪೆಲಗೇಯಾ ಮಗಳ ಪಕ್ಕೆಗೆ ತಿವಿದಳು. “ಓಡದಿದ್ರೆ ಅದರೊಳಗೆ ಕೋಳಿ ಸಾಕಿದ್ರಾಯ್ತು.”

ರಿಮ್ಮಾ ಸುತ್ತಿಗೆಯನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ಮೊಣಕಾಲನ್ನೊಮ್ಮೆ ಒತ್ತಿಕೊಂಡಳು. ಕಾರನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನಿರ್ದೇಶಕರ ಬೆರಳುಗಳನ್ನು ಕೀಲಿಕೈ ಗೊಂಚಲಿನ ಮೇಲೆ ತಾನೇ ಮಡಿಸಿದಳು.

“ಬೇಡ,” ಎಂದಳು.